ಗ್ಯಾರೇಜ್ ಮಾತು: ಬೆಳಗಾದರೆ ಕುಸಿಯುವ ಬೆಂಜ್

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೆಕೆಂಡ್ ಹ್ಯಾಂಡ್ ಬೆಂಜ್, ಬಿಎಂಡಬ್ಲ್ಯು, ಆಡಿಯವೇ. ತುಮಕೂರಿನ ಗುಬ್ಬಿ ಗೇಟ್ ಹತ್ತಿರ ನಾನು ಗ್ಯಾರೇಜ್ ಹಾಕಿದ ಹೊಸದರಲ್ಲಿ ಇಂಥ ಗಾಡಿ ಹೋದರೆ ನಿಂತು ನೋಡುತ್ತಿದ್ದೆವು. ಈಗ ಅವೇ ಬಂದು ನಮ್ಮ ಮುಂದೆ ನಿಲ್ಲುತ್ತವೆ, ಸ್ಟಾರ್ಟ್ ಆಗದೆ.

ನನ್ನದು 2011ರ ಬೆಂಜ್ ಜಿಎಲ್. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮುಂದಿನ ಎಡಗಡೆ ಕುಸಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ನಿಧಾನಕ್ಕೆ ಏಳುತ್ತದೆ. ಹೊಸ ಕಂಪ್ರೆಸರ್ ಹಾಕಿಸಿದೆ. ಎರಡೇ ತಿಂಗಳು, ಮತ್ತೆ ಅದೇ ಕಥೆ.
– ಮಾವಿನ ವ್ಯಾಪಾರಿ, ಶ್ರೀನಿವಾಸಪುರ

ತೂತು ಬಿಂದಿಗೆ ಹಾಗೇ ಬಿಟ್ಟು ಹೊಸ ಹಗ್ಗ ಕಟ್ಟಿದ್ದಾರೆ. ಈ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ರಬ್ಬರ್ ಚೀಲದೊಳಗಿನ ಗಾಳಿಯೇ ಭಾರ ಹೊರುತ್ತದೆ. ವಯಸ್ಸಾದಂತೆ ರಬ್ಬರ್ ಮಡಿಕೆ ಬೀಳುವ ಕಡೆ ಸಣ್ಣ ಬಿರುಕು ಬಿಡುತ್ತದೆ. ಗಾಳಿ ಸೋರುತ್ತದೆ, ಕಂಪ್ರೆಸರ್ ತುಂಬುತ್ತಲೇ ಇರುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ.

ಪಾತ್ರೆ ತೊಳೆಯುವ ಸೋಪಿನ ನೀರು ಮಾಡಿ ಆ ಮೂಲೆಯ ಸ್ಟ್ರಟ್, ಅಂದರೆ ಆ ಗಾಳಿ ಚೀಲ ಇರುವ ಕಂಬದ ಮೇಲೆ ಸ್ಪ್ರೇ ಮಾಡಿಸಿ. ಮೊದಲು ಮೇಲಿನ ಪೈಪ್ ಜಾಯಿಂಟ್ ನೋಡಿ. ಅಲ್ಲೇ ಗುಳ್ಳೆ ಬಂದರೆ ಅದೃಷ್ಟ, ಕಡಿಮೆಯಲ್ಲಿ ಮುಗಿಯುತ್ತದೆ. ರಬ್ಬರ್ ಮೇಲೆ ಬಂದರೆ ಸ್ಟ್ರಟ್ಟೇ ಬದಲಿಸಬೇಕು. ಕಂಪ್ರೆಸರ್ ಜೊತೆ ಅದಕ್ಕೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಹೊಸದು ಹಾಕಿದ್ದಾರಾ ಕೇಳಿ. ಹಳೇ ರಿಲೇ ಅಂಟಿಕೊಂಡರೆ ಕೀ ತೆಗೆದ ಮೇಲೂ ಕಂಪ್ರೆಸರ್ ಓಡುತ್ತದೆ. ಮತ್ತೆ, ಸ್ಟ್ಯಾಂಡ್ ಕೊಡದೆ ಗಾಡಿ ಕೆಳಗೆ ಯಾರೂ ತಲೆ ಹಾಕಬೇಡಿ. ಗಾಳಿ ಇಳಿದರೆ ಗಾಡಿ ಮೈಮೇಲೇ ಕೂರುತ್ತದೆ.

2013ರ ಬಿಎಂಡಬ್ಲ್ಯು 320ಡಿಗೆ ಹೊಸ ಬ್ಯಾಟರಿ ಹಾಕಿಸಿದೆ. ಮೂರು ದಿನ ನಿಂತರೆ ಡೆಡ್.
– ತಿಪಟೂರಿನ ಓದುಗರು

ಇದರಲ್ಲಿ ಎರಡು ವಿಷಯ ಇದೆ. ಹೊಸ ಬ್ಯಾಟರಿ ಬಂದಿದೆ ಅಂತ ಸ್ಕ್ಯಾನರ್ ಹಾಕಿ ಗಾಡಿಗೆ ಹೇಳಬೇಕು. ಹೇಳದಿದ್ದರೆ ಅದು ಹಳೇ ಮುದಿ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡುತ್ತದೆ. ಶುರುವಿನಲ್ಲಿ ನನಗೂ ಗೊತ್ತಿರಲಿಲ್ಲ. ಒಬ್ಬ ಗಿರಾಕಿಗೆ ಸುಮ್ನೆ ಬದಲಿಸಿ ಕಳಿಸಿದೆ. ಆ ಬ್ಯಾಟರಿ ಒಂದು ವರ್ಷವೂ ಬಾಳಲಿಲ್ಲ, ದುಡ್ಡು ನಾನೇ ಕೊಟ್ಟೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ ಮತ್ತೆ ಆನ್ ಆಗುವ ಸ್ಟಾರ್ಟ್-ಸ್ಟಾಪ್ ಇರುವ ನಿಮ್ಮಂಥ ಬಿಎಂಡಬ್ಲ್ಯುಗೆ ಎಜಿಎಂ ಅನ್ನುವ ಬಗೆಯ ಬ್ಯಾಟರಿಯೇ ಬೇಕು, ಮಾಮೂಲಿದು ಆಗಲ್ಲ.

ಆದರೆ ಮೂರೇ ದಿನಕ್ಕೆ ಡೆಡ್ ಅಂದರೆ ಎಲ್ಲೋ ಕರೆಂಟ್ ಕದಿಯುತ್ತಿದೆ. ಡಿಕ್ಕಿ ತೆರೆದಿಟ್ಟು, ಅದರ ಲಾಕ್ ಅನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿದಂತೆ ಮಾಡಿ, ಗಾಡಿ ಲಾಕ್ ಮಾಡಿ. ಅರ್ಧ ಗಂಟೆ ಮುಟ್ಟಬೇಡಿ. ಕಂಪ್ಯೂಟರುಗಳೆಲ್ಲ ಮಲಗಬೇಕು. ಆಮೇಲೆ ಡಿಕ್ಕಿಯಲ್ಲಿರುವ ಬ್ಯಾಟರಿಯಿಂದ ಹೋಗುವ ಕರೆಂಟ್ ಅಳೆದರೆ 50 ಮಿಲಿಆಂಪಿಯರ್ ಒಳಗಿರಬೇಕು. ಜಾಸ್ತಿ ಬಂದರೆ, ನೀವು ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಕ್ಯಾಮೆರಾನೋ ಜಿಪಿಎಸ್ಸೋ ಇದ್ದರೆ ಮೊದಲು ಅದನ್ನು ಬಿಚ್ಚಿ. ನನ್ನ ಕೈಗೆ ಬಂದವುಗಳಲ್ಲಿ ಕಳ್ಳ ಹೆಚ್ಚಾಗಿ ಅಲ್ಲೇ ಸಿಕ್ಕಿದ್ದಾನೆ.

ಆಡಿ ಎ4, 2012, ಪೆಟ್ರೋಲ್. ಎಂಜಿನ್ ತಣ್ಣಗಿಡುವ ಕೂಲೆಂಟ್ ಕಮ್ಮಿಯಾಗುತ್ತಲೇ ಇದೆ. ನೀರು ಹಾಕಿ ಓಡಿಸುತ್ತಿದ್ದೇನೆ. ಗುಜರಿ ಪಾರ್ಟ್ ನಡೆಯುತ್ತಾ?
– ಗೌರಿಬಿದನೂರಿನ ಓದುಗರು

ಯಾವ ನೀರು? ನಿಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ವಾ? ಅದೇ ಬಿಳಿ ಪದರ ರೇಡಿಯೇಟರಿನೊಳಗೂ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಜಿ13 ಅಥವಾ ಜಿ12 ಇವೊ ಕೂಲೆಂಟ್, ಬೇರೇನೂ ಬೇಡ.

ಈ ಎಂಜಿನ್ನಿನಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿವೆ. ಸಾಮಾನ್ಯವಾಗಿ ಸೋರುವುದು ಅದೇ. ಬಾಗಿಲು, ಕನ್ನಡಿ, ಸೀಟು ಗುಜರಿಯಲ್ಲಿ ತನ್ನಿ, ತಪ್ಪಿಲ್ಲ. ಬಿಸಿಯಲ್ಲಿ ಬೆಂದ ಹಳೇ ಪ್ಲಾಸ್ಟಿಕ್ ಮಾತ್ರ ತರಬೇಡಿ. ಆರ್ಡರ್ ಮಾಡುವಾಗ 17 ಅಕ್ಷರದ ಚಾಸಿ ನಂಬರ್ ಪೂರ್ತಿ ಕೊಡಿ. ಒಮ್ಮೆ ನಾನು ಬರೀ ಫೋಟೋ ನಂಬಿ ಬೆಂಗಳೂರಿನ ಜೆ.ಸಿ. ರೋಡಿನಿಂದ ಇದೇ ಪಾರ್ಟ್ ತಂದೆ. ನೋಡಲು ಅವಳಿ-ಜವಳಿ, ಕನೆಕ್ಟರ್ ಮಾತ್ರ ಕೂರಲಿಲ್ಲ. ಮತ್ತೆ 70 ಕಿಲೋಮೀಟರ್.

2010ರ 320ಡಿ ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ?
– ಶೆಟ್ಟಿಹಳ್ಳಿ, ತುಮಕೂರು

ಎಂಜಿನ್ ವಾಲ್ವುಗಳನ್ನು ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಚೈನ್ ಆ ಗಾಡಿಯಲ್ಲಿ ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಅದಕ್ಕೆ ಕೈ ಹಾಕಬೇಕಾದರೆ ಎಂಜಿನ್ನೋ ಗೇರ್‌ಬಾಕ್ಸೋ ಇಳಿಯಲೇಬೇಕು. ಚೈನಿಗಿಂತ ಕೂಲಿಯೇ ಭಾರ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಡ್ಯಾಶ್‌ಬೋರ್ಡ್ ಕಡೆಯಿಂದ ಕಿವಿಗೊಡಿ. ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು ಬಂದರೆ ಬೇಡ. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಅವರು ಕೊಟ್ಟ ಕಾಫಿ ಕುಡಿದು ವಾಪಸ್ ಬನ್ನಿ. ಇನ್ನೊಂದು ದಿನ ಹೇಳದೆ ಹೋಗಿ.