ಎಲಿಮೆಂಟ್ ಎಷ್ಟು ಎನ್ನುವ ಮೊದಲು ಅವುಗಳ ಅಂತರ ನೋಡಿ

ಮಕ್ಕಳ ಹೃದಯ ನೋಡುವ 5 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಪ್ರೋಬ್‌ಗೆ (ಎದೆಯ ಮೇಲಿಟ್ಟು ನೋಡುವ ಉಪಕರಣ) 64 ಎಲಿಮೆಂಟ್ (ಶಬ್ದದ ಅಲೆ ಕಳುಹಿಸಿ ಪ್ರತಿಧ್ವನಿ ಹಿಡಿಯುವ ಪುಟ್ಟ ತುಣುಕು) ಸಾಕೇ, 128 ಹಾಕಿದರೆ ಚಿತ್ರ ಇನ್ನೂ ತಿಳಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಎಂ.ಟೆಕ್ ಎರಡನೆಯ ವರ್ಷದಲ್ಲಿ ನನ್ನ ತಲೆಯಲ್ಲೂ ಇದೊಂದೇ ಲೆಕ್ಕ ಓಡುತ್ತಿತ್ತು.

ನನ್ನ ಬಳಿ ಇದ್ದದ್ದು 64 ಚಾನೆಲ್, ಅಂದರೆ 64 ಎಲಿಮೆಂಟ್‌ಗಳನ್ನು ಬೇರೆಬೇರೆಯಾಗಿ ನಡೆಸುವಷ್ಟು ದಾರಿ. ಪ್ರೋಬ್‌ನ ಮುಖ ಅಗಲವಾದಷ್ಟೂ ಅಕ್ಕಪಕ್ಕದ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಅದು ನಿಜ. ಹಾಗಾಗಿ 0.3 ಮಿ.ಮೀ.ಗೆ ಒಂದರಂತೆ ಎಲಿಮೆಂಟ್‌ಗಳನ್ನು ಹರಡಿ 19 ಮಿ.ಮೀ. ಅಗಲದ ಮುಖ ಮಾಡಿಸಿದೆ. ಆ ಅಂತರವನ್ನು ಎತ್ತಿಕೊಂಡದ್ದು ಥೈರಾಯ್ಡ್ ನೋಡುವ ಲೀನಿಯರ್ ಪ್ರೋಬ್‌ನಿಂದ. ಎಡವಿದ್ದು ಅಲ್ಲಿಯೇ. ಲೀನಿಯರ್ ಪ್ರೋಬ್ ಹೆಚ್ಚಾಗಿ ಕಿರಣವನ್ನು ನೇರಕ್ಕೆ ಕಳುಹಿಸುತ್ತದೆ. ಹೃದಯದ ಪ್ರೋಬ್ ಪಕ್ಕೆಲುಬುಗಳ ಸಂದಿಯಲ್ಲಿ ಕುಳಿತು, ಎಲಿಮೆಂಟ್‌ಗಳನ್ನು ಒಂದರ ಹಿಂದೊಂದು ತುಸು ತಡಮಾಡಿ ಮಿಡಿಸಿ, ಆ ಕಿರಣವನ್ನು ಎಡಬಲಕ್ಕೆ ತಿರುಗಿಸಬೇಕು. 5 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದವೇ ಸುಮಾರು 0.3 ಮಿ.ಮೀ. ಅಂತರವೂ ಅಷ್ಟೇ ಇದ್ದರೆ, ಬಲಕ್ಕೆ 30 ಡಿಗ್ರಿ ತಿರುಗಿಸಿದಾಗ ಎಡಕ್ಕೆ 30 ಡಿಗ್ರಿಯಲ್ಲಿ ಇನ್ನೊಂದು ಕಿರಣ ಹೊರಡುತ್ತದೆ. ಪಕ್ಕದ ಎಲಿಮೆಂಟಿನ ಅಲೆ ಅರ್ಧ ತರಂಗ ಹಿಂದೆ ಬಿದ್ದರೂ ಅರ್ಧ ತರಂಗ ಮುಂದೆ ಹೋದರೂ ಕೂಡುವ ಬಗೆ ಒಂದೇ ಅಲ್ಲವೇ?

ಇದೇ ಗ್ರೇಟಿಂಗ್ ಲೋಬ್. ಪರೀಕ್ಷೆಯಲ್ಲಿ ಅದರ ಸೂತ್ರವನ್ನು ಬರೆದಿದ್ದೆ. ಆದರೆ ಸಿಮ್ಯುಲೇಶನ್ ಮಾಡಿದ್ದು ನೇರ ಕಿರಣಕ್ಕೆ ಮಾತ್ರ. ಆಗ ಆ ಕಳ್ಳ ಕಿರಣ 90 ಡಿಗ್ರಿಯ ಹತ್ತಿರ, ಚಿತ್ರದ ಆಚೆಗೆ ಅಡಗಿರುತ್ತದೆ. ಐದು ತಿಂಗಳು ಕಾದು ತರಿಸಿದ ಪ್ರೋಬನ್ನು ನೀರಿನ ತೊಟ್ಟಿಗೆ ಇಳಿಸಿದ ದಿನ, ಒಂದೇ ನೈಲಾನ್ ದಾರ ಪರದೆಯ ಮೇಲೆ ಎರಡು ಕಡೆ ಕಂಡಿತು. ರಾತ್ರಿಯೆಲ್ಲ ಕುಳಿತು ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಎರಡು ದಾರ ಎರಡಾಗಿಯೇ ಉಳಿದವು. ಯೋಜನೆಯ ಹಣ ಮುಗಿದಿತ್ತು, ಪ್ರಬಂಧ ಒಂದು ಸೆಮಿಸ್ಟರ್ ಮುಂದಕ್ಕೆ ಹೋಯಿತು. ಹೃದಯದಲ್ಲಾದರೆ ಇಂಥ ಸುಳ್ಳು ಪ್ರತಿಧ್ವನಿ ರಕ್ತ ತುಂಬಿದ ಕಪ್ಪು ಕೋಣೆಯೊಳಗೆ ಬಿಳಿ ಮಬ್ಬಾಗಿ ಬೀಳುತ್ತದೆ. ವೈದ್ಯರು ಅದನ್ನು ಹೆಪ್ಪುಗಟ್ಟಿದ ರಕ್ತವೆಂದು ಶಂಕಿಸಿದರೆ ತಪ್ಪು ಪ್ರೋಬ್ ಮಾಡಿದವರದು.

ಆದ್ದರಿಂದ 64 ಅಥವಾ 128 ಎನ್ನುವ ಪ್ರಶ್ನೆಯನ್ನೇ ಬಿಡಿ. ಮೊದಲು ಅಂತರವನ್ನು ಅರ್ಧ ತರಂಗಕ್ಕೆ, ಅಂದರೆ 0.15 ಮಿ.ಮೀ.ಗೆ ನಿಗದಿ ಮಾಡಿ. ಆಗ 64 ಎಲಿಮೆಂಟ್‌ಗೆ ಸುಮಾರು 10 ಮಿ.ಮೀ. ಮುಖ ಬರುತ್ತದೆ, ಮಗುವಿನ ಎದೆಗೆ ಅಷ್ಟೇ ಸರಿ. ಹಣ ಉಳಿದರೆ ಎಲಿಮೆಂಟ್‌ಗಳಿಗೆ ಪಿಜಡ್‌ಟಿ ಎಂಬ ಸೆರಾಮಿಕ್ ಬದಲು ಸಿಂಗಲ್ ಕ್ರಿಸ್ಟಲ್ ಹಾಕಿಸಿ, ಬ್ಯಾಂಡ್‌ವಿಡ್ತ್ (ಪ್ರೋಬ್ ನಿಭಾಯಿಸುವ ಆವರ್ತನಗಳ ಹರವು) ಹೆಚ್ಚುತ್ತದೆ, ಪಲ್ಸ್ ಗಿಡ್ಡವಾಗುತ್ತದೆ. ಒಂದೇ ಸಾಲಿನ ಬದಲು ಉದ್ದಗಲಕ್ಕೂ ಸಾವಿರಾರು ಎಲಿಮೆಂಟ್‌ಗಳಿರುವ ಮ್ಯಾಟ್ರಿಕ್ಸ್ ಪ್ರೋಬ್ ವಿದ್ಯಾರ್ಥಿಯ ಯೋಜನೆಗೆ ಬೇಡ. ಅಷ್ಟು ತಂತಿ ಕೇಬಲಿನಲ್ಲಿ ಹಿಡಿಸುವುದಿಲ್ಲವೆಂದೇ ಅವುಗಳ ಹಿಡಿಕೆಯೊಳಗೆ ಚಿಪ್ ಕೂರಿಸುತ್ತಾರೆ.

ಆರ್ಡರ್ ಕೊಡುವ ಮುನ್ನ ಅಲ್ಟ್ರಾಸೌಂಡ್ ಸಿಮ್ಯುಲೇಶನ್ ಮಾಡುವ ಫೀಲ್ಡ್ 2 ತಂತ್ರಾಂಶದಲ್ಲಿ ಕಿರಣವನ್ನು 45 ಡಿಗ್ರಿಗೆ ತಿರುಗಿಸಿ, ಎರಡೂ ಕಡೆ 90 ಡಿಗ್ರಿಯವರೆಗೆ ಏನೇನು ಹೊರಡುತ್ತದೆ ಎಂದು ನೋಡಿ.