"ಮೇಡಂ ಪಾಠಾನೇ ಮಾಡಲ್ಲ"

ಹೆಸರು ಬೇಡ, ಊರೂ ಬೇಡ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರು ಡಿಗ್ರಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ, ವಯಸ್ಸು ಮೂವತ್ತರ ಆಸುಪಾಸು. ನನ್ನ ಹತ್ತಿರ ಬಂದಿದ್ದು ನಿದ್ದೆ ಬರುವುದಿಲ್ಲ ಎಂದು.

ಮೊದಲ ಭೇಟಿಯಲ್ಲಿ ಕಾಫಿ ಎಷ್ಟು ಕುಡಿಯುತ್ತೀರಿ, ಎಷ್ಟಕ್ಕೆ ಮಲಗುತ್ತೀರಿ, ಮನೆಯಲ್ಲಿ ಏನಾದರೂ ತಕರಾರು ಇದೆಯಾ ಎಂದೆಲ್ಲ ಕೇಳಿದೆ. ಯಾವುದೂ ತಾಳೆಯಾಗಲಿಲ್ಲ. ಎದ್ದು ಹೊರಡುವಾಗ, "ರಾತ್ರಿ ಒಂದು ಗಂಟೆಗೆ ರಿಪೋರ್ಟ್ ನೋಡ್ತೀನಿ ಮೇಡಂ. ಅದಾದ ಮೇಲೆ ನಿದ್ದೆ ಹತ್ತಲ್ಲ" ಅಂದರು. ಯಾವ ರಿಪೋರ್ಟ್ ಎಂದೆ. ಮತ್ತೆ ಕೂತರು.

ಆ ಸೆಮಿಸ್ಟರ್ ಅವರು ಪಾಠದ ರೀತಿಯನ್ನೇ ಬದಲಿಸಿದ್ದರು. ಹುಡುಗರು ವಿಡಿಯೋವನ್ನು ಮನೆಯಲ್ಲೇ ನೋಡಿಕೊಂಡು ಬರಬೇಕು. ವಿಡಿಯೋ ಅಲ್ಲಲ್ಲಿ ತಾನಾಗಿ ನಿಂತು ಪ್ರಶ್ನೆ ಕೇಳುತ್ತದೆ, ಉತ್ತರ ಕೊಟ್ಟರೇ ಮುಂದಕ್ಕೆ. ಎಚ್‌ಫೈವ್‌ಪಿ ಎಂಬ ಉಚಿತ ಸಾಫ್ಟ್‌ವೇರ್ ಹಿಡಿದು ತಾವೇ ಮಾಡಿದ್ದು. ತರಗತಿಯಲ್ಲಿ ನಾಲ್ಕು ನಾಲ್ಕು ಮಂದಿ ಕೂತು ಉಲ್ಲನ್ ದಾರದಲ್ಲಿ ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ವಂಶಗುಣ ಹೊತ್ತ ಎಳೆ, ಮಾಡುತ್ತಾರೆ. ಕೆಂಪು ಅಮ್ಮನಿಂದ ಬಂದದ್ದು, ನೀಲಿ ಅಪ್ಪನಿಂದ. ಡೆಸ್ಕ್ ಮೇಲೇ ಮಿಯೋಸಿಸ್, ಅಂದರೆ ಅಂಡಾಣು, ವೀರ್ಯಾಣು ಹುಟ್ಟುವ ಕೋಶವಿಭಜನೆ, ನಡೆಸಿ ತೋರಿಸಬೇಕು. ನನಗೇ ಕೇಳಿ ಆಸೆಯಾಯಿತು.

ಎರಡು ತಿಂಗಳಿಗೆ ಹುಡುಗರು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟರು. ಮೇಡಂ ಪಾಠಾನೇ ಮಾಡಲ್ಲ, ಎಲ್ಲ ನಮ್ಮ ಕೈಲೇ ಮಾಡಿಸ್ತಾರೆ ಅಂತ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಕೆಲಸ ಬೇರೆ. ಅಂದಿನಿಂದ ಯಾರು ಎಷ್ಟು ನಿಮಿಷ ನೋಡಿದರು, ಯಾರು ನೋಡಲೇ ಇಲ್ಲ ಎಂದು ರಾತ್ರಿಯೆಲ್ಲ ಫೋನಿನಲ್ಲಿ ಆ ವಿಡಿಯೋದ ರಿಪೋರ್ಟ್ ಹುಡುಕಾಟ. ಹೆಸರಿನ ಮುಂದೆ ನೋಡಿಲ್ಲವೆಂಬ ಕೆಂಪು ಗುರುತು ಕಂಡರೆ ಆ ಹುಡುಗ ತಮ್ಮನ್ನೇ ಬೇಡ ಎಂದ ಹಾಗೆ.

"ಸ್ವಲ್ಪ ದಿನ ಹಳೇ ಥರಾನೇ ಪಾಠ ಮಾಡಿ, ನೋಡೋಣ" ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಅವಸರದ ಮಾತು ಅದು. ನಿದ್ದೆ ಬರಲಿ ಎಂದು ಅವರ ಅಷ್ಟೂ ಕೆಲಸವನ್ನೇ ಕಸದ ಬುಟ್ಟಿಗೆ ಹಾಕಿ ಅಂದಂತೆ.

ಮುಂದಿನ ಭೇಟಿಗೆ ನಾನೂ ಸ್ವಲ್ಪ ಓದಿಕೊಂಡು ಹೋದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ಒಂದು ಪ್ರಯೋಗ ನಡೆದಿದೆ, 2019ರಲ್ಲಿ ಪ್ರಕಟವಾಗಿದ್ದು. ತಾವೇ ಮಾಡಿ ಕಲಿತವರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ಪಡೆದರು. ಆದರೆ ಎಷ್ಟು ಕಲಿತಿರಿ ಎಂದು ಕೇಳಿದರೆ, ಉಪನ್ಯಾಸ ಕೇಳಿದವರಿಗಿಂತ ಕಡಿಮೆ ಕಲಿತೆವು ಎಂದರು. ತಲೆ ಓಡಿಸುವಾಗ ಎಡವುತ್ತೇವಲ್ಲ, ಆ ಎಡವುವುದೇ ಏನೂ ಅರ್ಥವಾಗಿಲ್ಲ ಎನ್ನಿಸಿಬಿಡುತ್ತದೆ. ಇದನ್ನು ಶುರುವಿನಲ್ಲೇ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿ ಎಂದು ಆ ಸಂಶೋಧಕರೇ ಸಲಹೆ ಕೊಟ್ಟಿದ್ದಾರೆ.

"ನೀವು ಹೇಳಿದ್ರಾ?"

"ಹೇಳಬೇಕು ಅಂತ ಹೊಳೀಲೇ ಇಲ್ಲ."

ಆಮೇಲೆ ವಿಡಿಯೋ ತೋರಿಸಿ ಎಂದೆ. ಮೂವತ್ತೆಂಟು ನಿಮಿಷ! ಒಂಬತ್ತನೇ ನಿಮಿಷಕ್ಕೆ ನನ್ನ ಕಣ್ಣು ಕಿಟಕಿಯ ಕಡೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸ್‌ಗಳಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಜಾಲಾಡಿದ 2014ರ ಅಧ್ಯಯನವೂ, ವಿಡಿಯೋ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷ ಎನ್ನುತ್ತದೆ. ಇವರ ಪ್ರಶ್ನೆಗಳೂ ಹೆಚ್ಚಿನವು ಬಾಯಿಪಾಠದವು. ಒಂದು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಮಿಯೋಸಿಸ್‌ನ ಅನಾಫೇಸ್ 1ರಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ ಎಳೆಗಳು ಎರಡು ಕಡೆಗೆ ಸರಿಯುವ ಹಂತದಲ್ಲಿ, ಬೇರೆಯಾಗುವುದು ಜೋಡಿ ಕ್ರೋಮೋಸೋಮ್‌ಗಳೋ, ಒಂದೇ ಕ್ರೋಮೋಸೋಮ್‌ನ ಎರಡು ಅಂಟಿಕೊಂಡ ಪ್ರತಿಗಳಾದ ಕ್ರೊಮ್ಯಾಟಿಡ್‌ಗಳೋ? ಕ್ರೊಮ್ಯಾಟಿಡ್ ಎಂದೆ. ತಪ್ಪು. ಅವರು ಮೊದಲ ಸಲ ನಕ್ಕರು, ಬ್ಯಾಗಿನಿಂದ ದಾರ ತೆಗೆದರು. ಮೊದಲ ಸುತ್ತಿನಲ್ಲಿ ಒಂದು ಜೋಡಿಯ ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಕ್ರೊಮ್ಯಾಟಿಡ್‌ಗಳು ಅಂಟಿಕೊಂಡೇ ಹೋಗುತ್ತವೆ, ಎರಡನೇ ಸುತ್ತಿನಲ್ಲಿ ಬಿಡಿಸಿಕೊಳ್ಳುತ್ತವೆ. ಎರಡೇ ನಿಮಿಷ. ಇಂಥ ಟೀಚರ್ ಪಾಠ ಮಾಡಲ್ಲ ಅಂತಾರಲ್ಲ ಅನ್ನಿಸಿತು.

ಆದರೂ ಅರ್ಜಿಯಲ್ಲಿ ಅರ್ಧ ನ್ಯಾಯ ಇತ್ತು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯಬೇಕು, ಕೈಯಲ್ಲಿ ನೋಟ್ಸ್ ಇಲ್ಲ. ಹುಡುಗರಿಗೆ ಭಯ ಆಗದೆ ಇರುತ್ತಾ?

ಕೆಂಪು ಗುರುತಿನ ಐದು ಮಂದಿಯನ್ನು ಬೈಯದೆ, ಸುಮ್ನೆ ಮಾತಾಡಿಸಿ ಬನ್ನಿ ಎಂದೆ. ಒಬ್ಬಳಿಗೆ ಅಣ್ಣನ ಫೋನು ಸಿಗುವುದೇ ರಾತ್ರಿ ಹತ್ತರ ಮೇಲೆ. ಇಬ್ಬರ ಊರಲ್ಲಿ ನೆಟ್‌ವರ್ಕ್ ಇಲ್ಲ. ಕನ್ನಡ ಮೀಡಿಯಂನಿಂದ ಬಂದ ಒಬ್ಬನಿಗೆ ಇವರ ಇಂಗ್ಲಿಷಿನ ವೇಗ ಹಿಡಿಯಲಾಗಲಿಲ್ಲ. ಒಬ್ಬ ಮಾತ್ರ ಸೋಮಾರಿ. ಅಂದರೆ ಮೇಡಂ ಬೇಡ ಎಂದವರು ಐವರಲ್ಲಿ ಯಾರೂ ಇರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ರಾತ್ರಿ ಫೋನು ಅಡುಗೆಮನೆಯಲ್ಲಿರಲಿ. ರಿಪೋರ್ಟ್ ಬೆಳಿಗ್ಗೆ ತರಗತಿಗೆ ಮುಂಚೆ ಒಂದೇ ಸಲ. ಅದರಲ್ಲೂ ಹೆಸರು ನೋಡಬೇಡಿ, ಯಾವ ಪ್ರಶ್ನೆಗೆ ಹೆಚ್ಚು ಮಂದಿ ಎಡವಿದರು ಎಂದು ನೋಡಿ, ಆ ದಿನದ ಕೆಲಸ ಅಲ್ಲಿಂದ ಶುರು ಮಾಡಿ. ವಿಡಿಯೋ ಆರೇಳು ನಿಮಿಷಕ್ಕೆ ಕತ್ತರಿಸಿ, ನಡುವೆ ಕನ್ನಡವೂ ಬರಲಿ, ಯೋಚನೆಗೆ ಹಚ್ಚುವ ಎರಡು ಮೂರು ಪ್ರಶ್ನೆ ಸಾಕು. ಫೋನು ಸಿಗದವರಿಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅರ್ಧ ಗಂಟೆ ಕೇಳಿಕೊಳ್ಳಿ. ಗುರುವಾರ ಬೋರ್ಡ್ ಮೇಲೆ ನೋಟ್ಸ್ ಬರೆಸಿ.

ಕರೆಯುವ ಮೊದಲೇ ನೀವಾಗಿಯೇ ಪ್ರಾಂಶುಪಾಲರ ಹತ್ತಿರ ಹೋಗಿ ಎಂದೂ ಹೇಳಿದೆ. ಅವರಿಗೆ ಕಷ್ಟವಾಗಿದ್ದು ಇದೇ. 225 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2014ರ ವಿಶ್ಲೇಷಣೆಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರು. ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ನೂರಕ್ಕೆ ಸುಮಾರು 34, ಮಾಡಿ ಕಲಿತ ತರಗತಿಗಳಲ್ಲಿ 22. ಹಾಳೆ ಕೊಡುವುದನ್ನು ನನ್ನ ಮುಂದೆ ಎರಡು ಸಲ ಅಭ್ಯಾಸ ಮಾಡಿದರು. ಎರಡನೇ ಸಲ ಕೈ ಕಡಿಮೆ ನಡುಗಿತು.

ಮೂರು ತಿಂಗಳ ಮೇಲೆ ಬಂದಾಗ ನಿದ್ದೆ ಪರವಾಗಿಲ್ಲ ಎಂದರು. ವಾರಕ್ಕೊಮ್ಮೆ ರಾತ್ರಿ ರಿಪೋರ್ಟ್ ಕದ್ದು ನೋಡುತ್ತಾರಂತೆ. ಮುಂದಿನ ವರ್ಷದ ಕೆಲಸದ ಬಗ್ಗೆ ಇನ್ನೂ ಏನೂ ಗೊತ್ತಿಲ್ಲ. ಅರ್ಜಿಗೆ ಮೊದಲ ಸಹಿ ಹಾಕಿದ ಹುಡುಗ ಈಗಲೂ, ವಾರಪೂರ್ತಿ ಬೋರ್ಡ್ ಮೇಲೆ ಬರೆಸಿದ್ರೆ ಸಾಕಿತ್ತು ಅನ್ನುತ್ತಾನಂತೆ.

ಆ ಅನಾಫೇಸ್ ಪ್ರಶ್ನೆ ಅವನು ಸರಿ ಮಾಡಿದ್ದನಾ ಎಂದು ಕೇಳಿದೆ.

"ಎರಡನೇ ಸಲ ಸರಿ ಮಾಡಿದ ಮೇಡಂ" ಎಂದರು.