ಅಂಬೋಲಿಗೆ ಹೊರಡೋ ಮೊದಲು ಬಸ್ ಐತೇನು ಕೇಳು

"ಬೆಳಗಾವಿ ಅಂದ್ರೆ ಅರ್ಧ ಮಹಾರಾಷ್ಟ್ರ ಅಲ್ವಾ, ಅಲ್ಲಿ ಕನ್ನಡ ನಡೆಯುತ್ತಾ?" ಅಂತ ಕೇಳಿದಿ. ನಡೆಯುತ್ತದೆ, ದೋಸ್ತ. ಖಡೇಬಜಾರಿನಲ್ಲಿ ನಿಂತು "ಹೆಂಗ ಕೊಟ್ರಿ?" ಅಂತ ಶುರುಮಾಡು. ಅಂಗಡಿಯವರ ಮನೆಮಾತು ಮರಾಠಿಯಾದರೂ ಕನ್ನಡದಲ್ಲೇ ರೇಟು ಹೇಳುತ್ತಾರೆ. ಬೆಂಗಳೂರಿನಿಂದ ಬಂದವರೇ ಹಿಂದಿಯಲ್ಲಿ ಬಾಯಿ ತೆಗೆದು, ಆಮೇಲೆ ಇಲ್ಲಿ ಕನ್ನಡ ಇಲ್ಲ ಅಂತ ಊರಿಗೆ ಹೋಗಿ ಹೇಳುತ್ತಾರೆ. ಕದಂಬರ ಎರಡನೇ ರಾಜಧಾನಿಯಾಗಿದ್ದ ಹಲಸಿ ನಮ್ಮ ಪಕ್ಕದ ಖಾನಾಪುರ ತಾಲ್ಲೂಕಿನಲ್ಲಿದೆ. ನಮ್ಮ ಕನ್ನಡಕ್ಕೆ ಯಾರೂ ಸರ್ಟಿಫಿಕೇಟ್ ಕೊಡಬೇಕಾಗಿಲ್ಲ. ನೀನು ಕೇಳಬೇಕಾದದ್ದು ಗಡಿಯಾಚೆಯ ಅಂಬೋಲಿಗೆ ಬಸ್ ಐತೇನು ಅಂತ.

ಊರು ಸುಮಾರು 750 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಹೋದರೆ ಸವದತ್ತಿಯ ಎರಿ ಹೊಲ, ಪಶ್ಚಿಮಕ್ಕೆ ಹೋದರೆ ಸಹ್ಯಾದ್ರಿ. ಪೀರನವಾಡಿಯಲ್ಲಿ ಬಲಕ್ಕೆ ತಿರುಗಿ ಜಾಂಬೋಟಿ ದಾಟಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ, ಅದರಾಚೆ ಗೋವಾಕ್ಕಿಳಿಯುವ ಚೋರ್ಲಾ ಘಾಟು. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡವೂ ಈ ಕಡೆಗೇ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪವಾದ ರೌಟನ್ ಬಾವಲಿ ಇದೆ. ಜಾಂಬೋಟಿಯಿಂದ ಮುಂದೆ ಬಹಳ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ನಕ್ಷೆ ಮೊದಲೇ ಇಳಿಸಿಕೋ. ಪೆಟ್ರೋಲನ್ನು ಊರಲ್ಲೇ ಹಾಕಿಸು. ಮಳೆಗಾಲದಲ್ಲಿ ಕಾಡೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆ ಬಿಡುವುದಿಲ್ಲ, ಅನುಮತಿ ಇಲ್ಲದೆ ನುಗ್ಗಿದರೆ ಕೇಸ್ ಬೀಳುತ್ತದೆ. ಆ ನಿರ್ಬಂಧ ಸರಿಯಾಗಿಯೇ ಇದೆ. ಪಾಚಿಗಟ್ಟಿದ ಬಂಡೆ ಮೇಲೆ ಕಾಲು ಜಾರಿದರೆ ಎತ್ತಿಕೊಂಡು ಬರಲು ದಾರಿಯೇ ಇರುವುದಿಲ್ಲ.

ಹಾಗಾಗಿ ಮಳೆ ನೋಡಬೇಕಂದವರೆಲ್ಲ ಅಂಬೋಲಿಗೆ ಹೋಗುತ್ತಾರೆ. ಅಲ್ಲಿ ನೀರು ರಸ್ತೆ ಬದಿಗೇ ಬೀಳುತ್ತದೆ, ಕಾಡೊಳಗೆ ಹೋಗಬೇಕಿಲ್ಲ. ಅಂಬೋಲಿ ಇರುವುದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ. ನಮ್ಮ ತಾಪತ್ರಯ ಶುರುವಾಗುವುದೇ ಇಲ್ಲಿ.

ವೆಂಗುರ್ಲಾ ರಸ್ತೆಯಲ್ಲಿ ಬಾಚಿ ನಮ್ಮ ಕೊನೆಯ ಊರು, ಅದರ ಮಗ್ಗುಲಿನ ಶಿನೋಳಿ ಅವರ ಮೊದಲ ಊರು. ಶಿನೋಳಿ ಇರುವ ಚಂದಗಡ ತಾಲ್ಲೂಕು 1956ರ ತನಕ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಆಚೆ ಹೋಯಿತು, ಸಂತೆ, ದವಾಖಾನೆ, ಬೀಗತನ ಇಲ್ಲೇ ಉಳಿದವು. ಘಟಪ್ರಭೆ ಹುಟ್ಟುವುದು ಅವರ ಬೆಟ್ಟದಲ್ಲಿ, ಹಿಡಕಲ್ ಅಣೆಕಟ್ಟಿನಲ್ಲಿ ನಿಂತ ಆ ನೀರು ಬರುವುದು ನಮ್ಮ ನಳಕ್ಕೆ. ಇಷ್ಟು ಬೆಸೆದುಕೊಂಡ ಸೀಮೆಯಲ್ಲಿ ಗಡಿ, ಭಾಷೆಯ ಜಗಳಕ್ಕೆ ಎಲ್ಲೋ ಒಂದು ಬಸ್ಸಿಗೆ ಮಸಿ ಬಳಿದ ವಿಡಿಯೊ ಓಡಾಡಿದರೆ ಸಾಕು, ಸಂಜೆಯೊಳಗೆ ಎರಡೂ ಕಡೆ ಬಸ್ ನಿಲ್ಲುತ್ತವೆ. ಮಸಿ ಬಳಿದವರಿಗೂ ಅಂಬೋಲಿಗೆ ಹೊರಟವರಿಗೂ ಸಂಬಂಧವಿಲ್ಲ. ರಸ್ತೆಯಲ್ಲಿ ಸಿಕ್ಕಿಬೀಳುವವರು ಚಂದಗಡದಿಂದ ಡಯಾಲಿಸಿಸ್‌ಗೆ ಬಂದ ಅಜ್ಜ, ಕೊಲ್ಲಾಪುರದಲ್ಲಿ ಓದುವ ನಿಪ್ಪಾಣಿ ಹುಡುಗಿ.

ಇಂಥ ದಿನ ಏನು ಮಾಡಬೇಕು ಹೇಳುತ್ತೇನೆ. ಅಂಬೋಲಿಗಾದರೆ ಬಾಚಿ ಕಡೆಯ ನಮ್ಮ ಬಸ್ ಹತ್ತಿ ಗಡಿಯಲ್ಲಿ ಇಳಿ, ಶಿನೋಳಿಗೆ ನಡೆದು ಹೋಗಿ ಅವರ ಎಸ್‌ಟಿ (ಮಹಾರಾಷ್ಟ್ರದ ಸರ್ಕಾರಿ ಬಸ್) ಹಿಡಿ. ಅಂಬೋಲಿ ಮೇಲೆ ಹೋಗುವ ಸಾವಂತವಾಡಿ ಬಸ್ ನೇರ ಸಿಗದಿದ್ದರೆ ಪಾಟ್ನೆ ಫಾಟಾದಲ್ಲಿ ಬದಲಿಸಬೇಕು. ಮನೆಯ ಹೆಂಗಸರ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇದ್ದರೆ ಬಾಚಿವರೆಗೆ ಶಕ್ತಿ ಯೋಜನೆಯಲ್ಲಿ ಅವರಿಗೆ ದುಡ್ಡಿಲ್ಲ, ಆಚೆ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ನೇರ ಅಂತರರಾಜ್ಯ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ಕೊಲ್ಲಾಪುರಕ್ಕಾದರೆ ನಿಪ್ಪಾಣಿವರೆಗೆ ಬಸ್, ಅಲ್ಲಿಂದ ಗಡಿಯ ಕೊಗನೊಳ್ಳಿಗೆ ಆಟೊ, ದೂಧಗಂಗಾ ನದಿ ದಾಟಿ ಕಾಗಲ್‌ನಲ್ಲಿ ಮತ್ತೊಂದು ಬಸ್. ಲಗೇಜು ಜಾಸ್ತಿ ಇದ್ದರೆ ಇದರ ಗೋಜಿಗೇ ಹೋಗಬೇಡ, ರೈಲು ಹತ್ತಿ ಮೀರಜ್‌ನಲ್ಲಿ ಬದಲಿಸು. ಬಸ್ಸಿನ ಜಗಳ ಹಳಿ ಮೇಲೆ ಬರುವುದಿಲ್ಲ. ಬಾಡಿಗೆ ಕಾರು ಮಾಡುವುದಾದರೆ ಗಡಿ ದಾಟುತ್ತೀಯೋ ಇಲ್ಲವೋ ಅಂತ ಚಾಲಕನಿಗೆ ಹಿಂದಿನ ರಾತ್ರಿಯೇ ಕೇಳು. ಗಾಜು ಒಡೆದರೆ ನಷ್ಟ ಅವನದು, ಬರಲ್ಲ ಅಂದರೆ ಬಲವಂತ ಮಾಡಬೇಡ.

ದಿನಾಂಕ ನೋಡಿಕೊಂಡು ಬಾ. ನವೆಂಬರ್ 1ಕ್ಕೆ ಚನ್ನಮ್ಮ ವೃತ್ತದ ರಾಜ್ಯೋತ್ಸವ ನೋಡಲು ಬರುವುದಾದರೆ ಖಂಡಿತ ಬಾ, ಅಷ್ಟು ಜನ, ಅಷ್ಟು ಬಾವುಟ ಬೇರೆಲ್ಲೂ ನೋಡಿರಲಾರೆ. ಆದರೆ ಅವತ್ತು ಅಂಬೋಲಿ ಇಟ್ಟುಕೊಳ್ಳಬೇಡ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಶಾಸಕರು, ಅಧಿಕಾರಿಗಳು, ಪೊಲೀಸರಿಗೇ ಊರಿನ ರೂಮು ಸಾಲುವುದಿಲ್ಲ, ಬಸ್ಸೂ ಆಗಲೇ ಹೆಚ್ಚು ನಿಲ್ಲುತ್ತವೆ. 2012ರಲ್ಲಿ ಅಷ್ಟು ದೊಡ್ಡ ಸೌಧ ಕಟ್ಟಿಕೊಟ್ಟರು. ಅಧಿವೇಶನ ಮುಗಿದ ಮೇಲೂ ಅಲ್ಲಿ ಯಾರಾದರೂ ಕೂತು ಆಚೆಯವರೊಂದಿಗೆ ಮಾತಾಡಿ, ಗಲಾಟೆಯ ದಿನವೂ ನಾಲ್ಕು ಬಸ್ಸನ್ನು ಪೊಲೀಸ್ ಕಾವಲಿನಲ್ಲಿ ಓಡಿಸುವಂತೆ ಮಾಡಿದರೆ ಎಷ್ಟೋ ಉಪಕಾರ. ನಮ್ಮ ಕೇಳಿಕೆ ಇಷ್ಟೇ.

ಜುಲೈ, ಆಗಸ್ಟ್‌ನಲ್ಲಿ ವಾರದ ನಡುವೆ ಬಾ. ಶನಿವಾರ, ರವಿವಾರ ಅಂಬೋಲಿ ಘಾಟಿನಲ್ಲಿ ವಾಹನ ಅಲುಗಾಡುವುದಿಲ್ಲ. ಬೆಳಿಗ್ಗೆ 6ಕ್ಕೆ ಹೊರಡು. ಮಧ್ಯಾಹ್ನ 3ಕ್ಕೆ ಅಲ್ಲಿಂದ ವಾಪಸ್ ಹೊರಟುಬಿಡು, ಆಮೇಲೆ ಮಂಜು ಇಳಿದು ಎದುರಿನ ಲೈಟೂ ಕಾಣುವುದಿಲ್ಲ. ಇಳಿದ ತಕ್ಷಣ ಕಂಡಕ್ಟರಿಗೆ ಕೊನೆಯ ಬಸ್ ಎಷ್ಟಕ್ಕೆ, ಬೆಳಗಾವಿವರೆಗೆ ಬರುತ್ತದೋ ಶಿನೋಳಿಗೇ ನಿಲ್ಲುತ್ತದೋ ಅಂತ ಕೇಳಿಟ್ಟುಕೋ.